ಶರತ್ತಿನ ಅಮಲು

ಮೈಸೂರು ಸಂಸ್ಥಾನದ ಹಳೆಯ ಕಂದಾಯದ ಭಾಷೆಯಲ್ಲಿ ‘ಶರತ್ತು’ ಎಂಬ ಮಾತು ಇಂದಿನಷ್ಟು ನಿರಪಾಯವಾದುದಾಗಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ತಾಲ್ಲೂಕಿನ ಅಮಲ್ದಾರಿಕೆಯನ್ನು ಬಯಸಿದವನು ಸರ್ಕಾರಕ್ಕೆ ಒಂದು ಮುಚ್ಚಳಿಕೆ ಬರೆದುಕೊಡಬೇಕಾಗಿತ್ತು: ಇಂತಿಷ್ಟು ಹಣವನ್ನು ವಸೂಲು ಮಾಡಿ ಕಟ್ಟುವೆನು, ಕಡಮೆ ಬಿದ್ದರೆ ಕೈಯಿಂದ ತುಂಬಿಕೊಡುವೆನು, ಹೆಚ್ಚು ಬಂದರೆ ಆ ಹೆಚ್ಚಳವೂ ಸರ್ಕಾರದ್ದೇ. ಆ ಮೊತ್ತವಾದರೋ ಸಾಮಾನ್ಯವಾಗಿ ಹಿಂದಿನ ವರ್ಷದ ಹುಟ್ಟುವಳಿಗಿಂತ ಒಂದು ಕೈ ಮೇಲೆಯೇ. ರೈತರನ್ನು ಪೀಡಿಸೆನು, ಹೊಸ ತೆರಿಗೆ ಹಾಕೆನು, ಸರ್ಕಾರದ ಪಾಲಿನ ಧಾನ್ಯವನ್ನು ಬಲಾತ್ಕಾರದಿಂದ ಅವರ ತಲೆಗೆ ಕಟ್ಟೆನು ಎಂಬ ವಾಗ್ದಾನವೂ ಅದೇ ಕಾಗದದಲ್ಲಿರುತ್ತಿತ್ತು. ಮೊದಲಿನ ಮಾತನ್ನು ಉಳಿಸಿಕೊಳ್ಳಹೊರಟವನಿಗೆ ಎರಡನೆಯದನ್ನು ಮುರಿಯದೆ ಗತ್ಯಂತರವಿಲ್ಲವೆಂಬುದು ಬರೆಸಿಕೊಂಡವರಿಗೆ ತಿಳಿಯದ ರಹಸ್ಯವೇನೂ ಆಗಿರಲಾರದು.

ಹೀಗೇಕಾಯಿತು? ದಿವಾನ್ ಪೂರ್ಣಯ್ಯನವರು 1811ರಲ್ಲಿ ಅಧಿಕಾರ ಬಿಟ್ಟಾಗ ಬೊಕ್ಕಸದಲ್ಲಿದ್ದ ಎರಡು ಕೋಟಿ ರೂಪಾಯಿಗೂ ಮಿಕ್ಕಿದ ಹಣ ಕೆಲವೇ ವರ್ಷಗಳಲ್ಲಿ ಕರಗಿತು. ಕಂಪೆನಿಗೆ ವರ್ಷವರ್ಷವೂ ತೆರಬೇಕಾದ 7 ಲಕ್ಷ ವರಾಹಗಳ ಪೊಗದಿ ಮಾತ್ರ ಕರಗಲಿಲ್ಲ. ದೊಡ್ಡ ಹುದ್ದೆಗಳೇ ಹೆಚ್ಚು ಹಣ ಕೊಟ್ಟವನಿಗೆಂದು ಮಾರಾಟವಾಗತೊಡಗಿದುವು. ಹುದ್ದೆಯನ್ನು ಕ್ರಯಕ್ಕೆ ಕೊಂಡವನು ಅದನ್ನು ಅಂಗಡಿಯಂತೆ ನಡೆಸಿದರೆ ಆಶ್ಚರ್ಯವೇನು?

ಈ ವ್ಯವಸ್ಥೆಯ ಮುಖವನ್ನು ಕಾಣಬೇಕಾದರೆ ಸುಗ್ಗಿಯ ಕಣಕ್ಕೆ ಹೋಗಬೇಕು. ಬೆಳೆಯನ್ನು ಸರ್ಕಾರವೂ ರೈತನೂ ಹಂಚಿಕೊಳ್ಳುವ ವಾರದ ಭೂಮಿಯಲ್ಲಿ, ಒಕ್ಕಿ ತೂರಿದ ರಾಶಿಗೆ ಮುದ್ರೆಯೊತ್ತಿದ ಮೇಲೆ, ಅಧಿಕಾರಿ ಬಂದು ಅಳೆಯುವವರೆಗೆ, ಬೆಳೆದವನು ತನ್ನದೇ ಕಾಳಿನಲ್ಲಿ ಒಂದು ಮೊರವನ್ನೂ ಮನೆಗೆ ಒಯ್ಯುವಂತಿರಲಿಲ್ಲ. ಮೋಡ ಕವಿಯುತ್ತಿದ್ದರೂ, ಇಲಿ ಹೆಗ್ಗಣಗಳು ರಾಶಿಯನ್ನು ಕೊರೆಯುತ್ತಿದ್ದರೂ, ಅಮಲ್ದಾರನ ಸವಾರಿಗೆ ಅವಸರವಿರಲಿಲ್ಲ. ಅವಸರವಿದ್ದುದು ರೈತನಿಗೆ, ಆ ಅವಸರಕ್ಕೆ ಒಂದು ಬೆಲೆಯಿತ್ತು. ಕೈ ಬಿಸಿ ಮಾಡಬಲ್ಲವನ ರಾಶಿ ಬೇಗ ಅಳೆಯಲ್ಪಡುವುದು, ಕಾಸಿಲ್ಲದವನದು ಕಣದಲ್ಲಿಯೇ ನೆನೆಯುವುದು. ಆಮೇಲೆ ಸರ್ಕಾರದ ಪಾಲಿಗೆ ಬಂದ ಧಾನ್ಯವನ್ನು ಪೇಟೆಯ ಧಾರಣೆಗಿಂತ ಹೆಚ್ಚಿನ ದರಕ್ಕೆ ಅದೇ ಊರಿನವರ ಮೇಲೆ ಹೇರುತ್ತಿದ್ದುದೂ ಉಂಟು. ಮುದ್ರೆಯೊಡೆದು ರಾತ್ರಿಯಲ್ಲಿ ಒಂದು ಚೀಲ ಕದ್ದೊಯ್ದ ಬೆಳೆಗಾರನನ್ನು ಕಳ್ಳನೆಂದು ಕರೆಯುವ ಭಾಷೆ, ಅವನನ್ನು ಕಾಯಿಸಿದವನನ್ನು ಅಧಿಕಾರಿಯೆಂದು ಗೌರವಿಸುತ್ತಿತ್ತು.

ಅಮಲ್ದಾರರೆಲ್ಲರೂ ದುಷ್ಟರಾಗಿ ಹುಟ್ಟಿದವರೆಂದು ನಾನು ನಂಬಲಾರೆ. ಅವರಲ್ಲಿ ಮನೆಯಲ್ಲಿ ನಿತ್ಯ ಪೂಜೆ ಮಾಡಿ, ಅತಿಥಿಗೆ ಎಲೆ ಹಾಕಿ, ಮಕ್ಕಳಿಗೆ ನೀತಿಶತಕ ಹೇಳಿಕೊಟ್ಟವರೂ ಇದ್ದಿರಬೇಕು. ಆದರೆ ಶರತ್ತಿನ ಪೈಪೋಟಿಯಲ್ಲಿ, ಊರು ಎಷ್ಟು ತಡೆದೀತೆಂದು ನ್ಯಾಯವಾಗಿ ಲೆಕ್ಕ ಹಾಕಿದವನಿಗೆ ತಾಲ್ಲೂಕು ದಕ್ಕುತ್ತಿರಲಿಲ್ಲ. ಲೆಕ್ಕವನ್ನೇ ನೋಡದೆ ಕೂಗಿದವನಿಗೆ ದಕ್ಕುತ್ತಿತ್ತು. ದಯೆಯುಳ್ಳವನನ್ನು ಬಾಗಿಲಲ್ಲಿಯೇ ನಿಲ್ಲಿಸುವ ಏರ್ಪಾಡು ಅದು.

1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ಕಂದಾಯ ಕೊಡುವುದಿಲ್ಲವೆಂದರು. ಬೂದಿ ಬಸವಪ್ಪನೆಂಬವನು ನಗರದ ಸಿಂಹಾಸನಕ್ಕೆ ತಾನೇ ಹಕ್ಕುದಾರನೆಂದು ಅವರ ಮುಂದೆ ನಿಂತನು. ದಂಗೆ ಹಬ್ಬಿತು, ಸೈನ್ಯ ಬಂದಿತು. 1831ರ ಅಕ್ಟೋಬರಿನಲ್ಲಿ ಆಡಳಿತ ಕಂಪೆನಿಯ ವಶವಾಯಿತು. ಮುಂದೆ ಕಂಪೆನಿಯೇ ನೇಮಿಸಿದ ಸಮಿತಿಯೊಂದು ದಂಗೆಯ ಕಾರಣಗಳನ್ನು ವಿಚಾರಿಸಿ ಶರತ್ತಿನ ದೋಷಗಳನ್ನು ವಿವರವಾಗಿ ಬರೆಯಿತು. ಪೊಗದಿಗಾಗಿ ಸಂಸ್ಥಾನದ ಕೊರಳಿಗೆ ಹಗ್ಗ ಬಿಗಿದವರೇ ನ್ಯಾಯಪೀಠವನ್ನೇರಿದ ಈ ಪ್ರಸಂಗದಲ್ಲಿ ಒಡೆಯರೊಬ್ಬರ ದುಂದುವೆಚ್ಚವನ್ನಷ್ಟೇ ಕಂಡ ಇತಿಹಾಸಕಾರರು ಅರ್ಧ ಕಥೆಯನ್ನು ಹೇಳಿದ್ದಾರೆ.

1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನ ಕಾಲದಲ್ಲಿ ಸಣ್ಣಪುಟ್ಟ ತೆರಿಗೆಗಳು 769 ರದ್ದಾದುವು. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆ ಬೋಳಿಸಿದರೆ ತೆರಿಗೆ. ನಗರದ ಕಡೆ ಒಂದು ಸ್ಥಳದಲ್ಲಿ ಕೈಗಳನ್ನು ಮೈಗೊತ್ತಿಕೊಳ್ಳದೆ ನಡೆದುಹೋದವನು ತೆರಿಗೆ ಕೊಡಬೇಕಾಗಿತ್ತು. ಒಂದು ಗ್ರಾಮದವರಂತೂ, ಪಾಳೆಯಗಾರನೊಬ್ಬನ ಕುದುರೆ ತಪ್ಪಿಸಿಕೊಂಡಾಗ ತಮ್ಮ ಪೂರ್ವಿಕರು ಅದನ್ನು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ, ಅಲ್ಲಿಯವರೆಗೂ ಹಣ ಕಟ್ಟುತ್ತಲೇ ಇದ್ದರು.