ಮೂರು ತಿಂಗಳೆಂದು ಹೊರಟಾಕೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಆದರೆ ಒಂದು ದೇಶವನ್ನು ತಿಳಿಯುವುದಕ್ಕೆ ಎಷ್ಟು ದಿನ ಸುತ್ತಬೇಕು ಎಂಬುದನ್ನು ಗಾದೆ ಹೇಳುವುದಿಲ್ಲ. ಅಮೆರಿಕದ ಅನೇಕ ಚರ್ಚುಗಳಿಂದ ಹೆಂಗಸರ ತಂಡಗಳು ರಜೆಯ ದಿನಗಳಲ್ಲಿ ಆಫ್ರಿಕಕ್ಕೆ ಹೋಗಿ, ಹತ್ತು ಹದಿನೈದು ದಿನ ಸೇವೆ ಮಾಡಿ ಬರುವುದು ಈಗ ವಾಡಿಕೆಯಾಗಿದೆ. ಶಾಲೆಯ ಗೋಡೆಗೆ ಬಣ್ಣ ಬಳಿಯುತ್ತಾರೆ; ಅನಾಥ ಮಕ್ಕಳೊಡನೆ ಕೂತು ಹಾಡುತ್ತಾರೆ; ಔಷಧ ಹಂಚುತ್ತಾರೆ; ಕಣ್ಣು ತುಂಬಿಕೊಂಡು ಹಿಂತಿರುಗುತ್ತಾರೆ. ಆ ಮಮತೆಯನ್ನು ಸುಳ್ಳೆನ್ನುವ ಹಕ್ಕು ಯಾರಿಗೂ ಇಲ್ಲ. ಆದರೂ ವಿಮಾನಕ್ಕೆ ತೆತ್ತ ಹಣವನ್ನು ಅಲ್ಲಿಯ ಮೇಸ್ತ್ರಿಗೇ ಕೂಲಿಯಾಗಿ ಕೊಟ್ಟಿದ್ದರೆ ಗೋಡೆಯೂ ನೆಟ್ಟಗಾಗುತ್ತಿತ್ತು, ಅವನ ಮನೆಯೂ ನಡೆಯುತ್ತಿತ್ತಲ್ಲವೇ ಎಂದು ಚರ್ಚಿನೊಳಗಿನವರೇ ಕೇಳುವುದುಂಟು. ಹೋದವರು ಕೊಟ್ಟು ಬಂದರೋ, ಪಡೆದು ಬಂದರೋ? ಈ ಪ್ರಶ್ನೆ ಇಂದಿನದಲ್ಲ. ಸುಮಾರು ನೂರೈವತ್ತು ವರ್ಷಗಳ ಹಿಂದೆ ಇದನ್ನು ತನ್ನ ಬಾಳಿನಿಂದಲೇ ಎದುರಿಸಿದ ಒಬ್ಬ ಹೆಂಗಸಿದ್ದಳು. ಆಕೆಯ ಹೆಸರು ಅಮಾಂಡಾ ಬೆರಿ ಸ್ಮಿತ್.

ಆ ಕಾಲದಲ್ಲಿ ಅಮೆರಿಕದ ಪ್ರಾಟೆಸ್ಟಂಟ್ ಚರ್ಚುಗಳಲ್ಲಿ ಹೆಂಗಸರಿಗೆ ಪ್ರವಚನಪೀಠ ಸಾಮಾನ್ಯವಾಗಿ ನಿಷಿದ್ಧ. ಅಲ್ಲಿ ನಿಲ್ಲಲು ಬಿಡದಿದ್ದರೇನು, ನಾವೇ ಹಣ ಕೂಡಿಸಿ ನಮ್ಮವರನ್ನೇ ಕಳುಹಿಸುತ್ತೇವೆ ಎಂದು ಅವರು ಹೊರಟರು. 1869ರ ಮಾರ್ಚಿಯಲ್ಲಿ, ಮಳೆ ಸುರಿಯುತ್ತಿದ್ದ ಒಂದು ದಿನ, ಬಾಸ್ಟನ್ ನಗರದಲ್ಲಿ ಬೆರಳೆಣಿಕೆಯ ಹೆಂಗಸರು ಸೇರಿ ಮೆಥಡಿಸ್ಟ್ ಚರ್ಚಿನ ಮಹಿಳಾ ವಿದೇಶ ಮಿಷನ್ ಸಂಘವನ್ನು ಕಟ್ಟಿದರು. ಸದಸ್ಯತ್ವದ ವಂತಿಗೆ ವಾರಕ್ಕೆ ಎರಡು ಸೆಂಟ್. ಅದೇ ವರ್ಷದ ಕೊನೆಗೆ ಆ ಸಂಘ ಇಸಬೆಲ್ಲಾ ಥೋಬರ್ನ್ ಮತ್ತು ಡಾಕ್ಟರ್ ಕ್ಲಾರಾ ಸ್ವೇನ್ ಎಂಬಿಬ್ಬರನ್ನು ಭಾರತಕ್ಕೆ ಹಡಗು ಹತ್ತಿಸಿತು. ಒಬ್ಬಾಕೆ ಲಖನೌದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಳು, ಅದು ಮುಂದೆ ಕಾಲೇಜಾಯಿತು. ಇನ್ನೊಬ್ಬಾಕೆ ಬರೇಲಿಯಲ್ಲಿ ಹೆಂಗಸರ ಆಸ್ಪತ್ರೆ ಕಟ್ಟಿದಳು. ಇವರ ಹಿಂದೆ ಸಂಘವಿತ್ತು, ಸಂಬಳವಿತ್ತು, ವಿದ್ಯೆಯಿತ್ತು. ಅಮಾಂಡಾಳ ಹಿಂದೆ ಇವು ಯಾವುವೂ ಇರಲಿಲ್ಲ.

ಆಕೆ ಹುಟ್ಟಿದ್ದು 1837ರ ಜನವರಿಯಲ್ಲಿ, ಮೇರಿಲ್ಯಾಂಡ್ ಸಂಸ್ಥಾನದ ಲಾಂಗ್ ಗ್ರೀನ್ ಎಂಬಲ್ಲಿ, ಗುಲಾಮಳಾಗಿ. ತಂದೆ ಸ್ಯಾಮ್ಯುಅಲ್ ಬೆರಿ ಹಗಲೆಲ್ಲ ಒಡೆಯನ ಹೊಲದಲ್ಲಿ ದುಡಿದು, ರಾತ್ರಿ ನಿದ್ದೆಗೆಟ್ಟು ಪೊರಕೆ ಕಟ್ಟುತ್ತಿದ್ದ, ಜೋಳದ ಸಿಪ್ಪೆಯಿಂದ ಚಾಪೆ ಹೆಣೆಯುತ್ತಿದ್ದ. ಅವನ್ನು ಮಾರಿ ಬಂದ ಕಾಸನ್ನು ಕೂಡಿಟ್ಟು ಮೊದಲು ತನ್ನನ್ನು ತಾನೇ ಕೊಂಡುಕೊಂಡ. ಆಮೇಲೆ ಹೆಂಡತಿ ಮಕ್ಕಳನ್ನು ಬಿಡಿಸಿಕೊಂಡ. ಮನುಷ್ಯ ತನ್ನ ಮೈಯನ್ನೇ ಬೆಲೆಕೊಟ್ಟು ಕೊಳ್ಳಬೇಕಾಗಿದ್ದ ಕಾಲ ಅದು. ಸ್ವತಂತ್ರವಾದ ಸಂಸಾರ ಪಕ್ಕದ ಪೆನ್ಸಿಲ್ವೇನಿಯಕ್ಕೆ ಹೋಗಿ ನೆಲೆಸಿತು. ಓಡಿಬರುವ ಗುಲಾಮರಿಗೆ ಅವರ ಮನೆ ಗುಟ್ಟಿನ ತಂಗುದಾಣವಾಯಿತು. ಅಮಾಂಡಾ ಶಾಲೆಯ ಮುಖ ಕಂಡದ್ದು ಕೆಲವೇ ತಿಂಗಳು.

ಬದುಕು ಆಕೆಯನ್ನು ಸುಮ್ಮನೆ ಬಿಡಲಿಲ್ಲ. ಮೊದಲನೆಯ ಗಂಡ ಅಂತರ್ಯುದ್ಧಕ್ಕೆ ಹೋದವನು ಹಿಂತಿರುಗಲಿಲ್ಲ. ಎರಡನೆಯವನು 1869ರಲ್ಲಿ ತೀರಿಕೊಂಡ. ಹೆತ್ತ ಐದು ಮಕ್ಕಳಲ್ಲಿ ಉಳಿದದ್ದು ಮೇಜಿ ಎಂಬ ಒಬ್ಬ ಮಗಳು ಮಾತ್ರ. ನ್ಯೂಯಾರ್ಕಿನಲ್ಲಿ ಬೇರೆಯವರ ಬಟ್ಟೆ ಒಗೆದು, ಇಸ್ತ್ರಿ ಮಾಡಿ ಆಕೆ ಹೊಟ್ಟೆ ಹೊರೆದಳು. 1868ರಲ್ಲಿ ಒಂದು ಭಾನುವಾರ ಬಿಳಿಯರ ಚರ್ಚೊಂದಕ್ಕೆ ಪ್ರವಚನ ಕೇಳಲು ಹೋದಾಗ ಆಕೆಯ ಮನಸ್ಸಿನಲ್ಲಿ ದೊಡ್ಡ ತಿರುವು ಬಂತು. ಅದುವರೆಗೆ ಬಿಳಿಯರನ್ನು ಕಂಡರೆ ಒಳಗೊಳಗೇ ಒಂದು ಹೆದರಿಕೆ ಇತ್ತೆಂದೂ, ಆ ದಿನ ಅದು ಬಿಟ್ಟುಹೋಯಿತೆಂದೂ ಆಕೆ ಮುಂದೆ ಬರೆದುಕೊಂಡಿದ್ದಾಳೆ. ಧರ್ಮಾನುಭವವನ್ನು ಸಂತರು ಬೇರೆ ಬೇರೆ ಬಗೆಯಲ್ಲಿ ವರ್ಣಿಸಿದ್ದಾರೆ. ಗುಲಾಮಗಿರಿಯಲ್ಲಿ ಹುಟ್ಟಿದ ಹೆಣ್ಣಿಗೆ ಅದು ಭಯದ ಬಿಡುಗಡೆಯಾಗಿ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

1870ರ ಹೊತ್ತಿಗೆ ಆಕೆ ಒಗೆಯುವ ತೊಟ್ಟಿಯನ್ನು ಬಿಟ್ಟು ಊರೂರು ಸುತ್ತಿ ಹಾಡುವ, ಬೋಧಿಸುವ ಕೆಲಸಕ್ಕೆ ನಿಂತಳು. ಆಕೆ ಸೇರಿದ್ದ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚು ಕಪ್ಪುಜನ ತಾವೇ ಕಟ್ಟಿಕೊಂಡದ್ದು. ಆದರೆ ಅಲ್ಲಿಯೂ ಹೆಂಗಸರಿಗೆ ಪಾದ್ರಿ ದೀಕ್ಷೆ ಇರಲಿಲ್ಲ. 1872ರಲ್ಲಿ ನ್ಯಾಶ್‌ವಿಲ್ಲಿನಲ್ಲಿ ನಡೆದ ಮಹಾಸಭೆಗೆ ಈಕೆ ಸುಮ್ಮನೆ ನೋಡಲು ಹೋದರೆ, ದೀಕ್ಷೆ ಕೇಳಲು ಬಂದಿದ್ದಾಳೇನೋ ಎಂದು ಪಾದ್ರಿಗಳು ಸಂಶಯಪಟ್ಟರು. ಆಕೆ ಕೇಳಲಿಲ್ಲ, ಅವರು ಕೊಡಲೂ ಇಲ್ಲ. ದೀಕ್ಷೆಯಿಲ್ಲದೆಯೇ ಆಕೆಯ ಕೆಲಸ ಸಾಗಿತು.

1878ರಲ್ಲಿ ಗೆಳತಿಯೊಬ್ಬಳು, ಇಂಗ್ಲೆಂಡಿಗೆ ಹೋಗಿ ಮೂರು ತಿಂಗಳು ಇದ್ದು ಬಾ, ದಣಿವಾರುತ್ತದೆ ಎಂದಳು. ಅಮಾಂಡಾ ಹಡಗು ಹತ್ತಿದಳು. ಸಹಪ್ರಯಾಣಿಕರಾದ ಬಿಳಿಯರು ಮೊದಮೊದಲು ಆಕೆಯನ್ನು ಮಾತನಾಡಿಸಲಿಲ್ಲ. ಭಾನುವಾರ ಬಂತು, ಹಡಗಿನಲ್ಲಿ ಪಾದ್ರಿ ಇರಲಿಲ್ಲ. ಪ್ರಾರ್ಥನೆಯನ್ನು ನೀವೇ ನಡೆಸಿಕೊಡಿ ಎಂದು ಕಪ್ತಾನನು ಆಕೆಯನ್ನು ಕೇಳಿಕೊಂಡ. ನಡೆಸಿಕೊಟ್ಟಳು. ಅಂದಿನಿಂದ ಮಾತನಾಡದವರೂ ಮಾತನಾಡತೊಡಗಿದರು. ಮೂರು ತಿಂಗಳೆಂದು ಹೊರಟ ಆ ಪ್ರವಾಸ ಹನ್ನೆರಡು ವರ್ಷಗಳಾಗಿ ಬೆಳೆಯಿತು.

1879ರಲ್ಲಿ ಇಂಗ್ಲೆಂಡಿನಿಂದ ಆಕೆ ಭಾರತಕ್ಕೆ ಬಂದಳು. ಮುಂಬಯಿ, ಲಖನೌ, ನೈನಿತಾಲ, ಕಲ್ಕತ್ತೆಗಳಲ್ಲಿ ಆಕೆಯ ಸಭೆಗಳು ನಡೆದುವು. ಇಸಬೆಲ್ಲಾಳ ಅಣ್ಣ ಜೇಮ್ಸ್ ಥೋಬರ್ನ್ ಆಗ ಕಲ್ಕತ್ತೆಯಲ್ಲಿದ್ದ, ಮುಂದೆ ಬಿಷಪ್ಪನಾದ. ಬೋಧಕನಾದ ತನಗೆ ಉಪಯೋಗಕ್ಕೆ ಬಂದ ಪಾಠಗಳನ್ನು ಮತ್ತಾರಿಗಿಂತ ಹೆಚ್ಚಾಗಿ ಈಕೆಯಿಂದಲೇ ಕಲಿತೆನೆಂದು ಆತ ಒಪ್ಪಿಕೊಂಡಿದ್ದಾನೆ. ಶಾಲೆ ಕಾಣದವಳಿಂದ ಶಾಸ್ತ್ರ ಓದಿದವನು ಪಾಠ ಕಲಿತದ್ದು ಧರ್ಮದ ಇತಿಹಾಸದಲ್ಲಿ ಹೊಸದೇನಲ್ಲ. ನಮ್ಮ ಕಾಯಕದ ಶರಣರನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1882ರ ಜನವರಿಯಲ್ಲಿ ಅಮಾಂಡಾ ಪಶ್ಚಿಮ ಆಫ್ರಿಕದ ಲೈಬೀರಿಯದಲ್ಲಿ ಇಳಿದಳು. ಈ ದೇಶದ ಕಥೆಯೇ ವಿಚಿತ್ರವಾದದ್ದು. ಸ್ವತಂತ್ರರಾದ ಕಪ್ಪುಜನರನ್ನು ಅಮೆರಿಕದಿಂದ ಆಫ್ರಿಕಕ್ಕೆ ಕಳುಹಿಸಬೇಕೆಂದು ಅಲ್ಲಿಯ ಬಿಳಿಯರು ಕಟ್ಟಿದ ಒಂದು ಸಂಘ 1822ರಲ್ಲಿ ಅಲ್ಲಿ ನೆಲೆಯೂರಿತು. ರಾಜಧಾನಿಗೆ ಅಮೆರಿಕದ ಅಧ್ಯಕ್ಷ ಮನ್ರೋನ ಹೆಸರಿನಿಂದ ಮನ್ರೋವಿಯ ಎಂದು ಹೆಸರಾಯಿತು. 1847ರಲ್ಲಿ ದೇಶ ಸ್ವತಂತ್ರ ಗಣರಾಜ್ಯವೆನಿಸಿತು. ಹಡಗಿನಲ್ಲಿ ಬಂದವರು ಕೆಲವೇ ಸಾವಿರ ಜನ. ಅಲ್ಲಿ ತಲೆತಲಾಂತರದಿಂದ ಇದ್ದ ಬಾಸಾ, ಕ್ರು, ವಾಯ್ ಮೊದಲಾದ ಜನಗಳ ಮುಂದೆ ಅದು ಬಹು ಸಣ್ಣ ಸಂಖ್ಯೆ. ಆದರೂ ಆಳುವವರು ಇವರೇ ಆದರು. ಅಮೆರಿಕದಲ್ಲಿ ತಮ್ಮನ್ನು ಕೀಳಾಗಿ ಕಂಡವರ ಕೋಟು, ಟೋಪಿ, ಮಹಡಿಮನೆಗಳ ಜೊತೆಗೆ ಮೇಲುಕೀಳಿನ ಎಣಿಕೆಯನ್ನೂ ಕೊಂಚ ಕಟ್ಟಿಕೊಂಡು ಬಂದಿದ್ದರು. ನೆಲದ ಜನಕ್ಕೆ ಪೌರತ್ವ ದೊರೆತದ್ದು 1904ರಲ್ಲಿ.

ದೂರದ ಬೆಟ್ಟ ನುಣ್ಣಗೆ ಎನ್ನುವ ಮಾತು ಅಮಾಂಡಾಳಿಗೆ ಅಲ್ಲಿ ನಿಜವಾಗಿ ಕಂಡಿತು. ಪೂರ್ವಜರ ನಾಡು ಕರೆಯುತ್ತಿದೆ, ಅಲ್ಲಿ ಹೊನ್ನು ಬೆಳೆಯುತ್ತದೆ ಎಂಬಂಥ ಬಣ್ಣದ ಮಾತನ್ನು ನಂಬಿ ಅಮೆರಿಕದ ಬಡ ಕುಟುಂಬಗಳು ಇದ್ದಬದ್ದದ್ದನ್ನು ಮಾರಿ ಬರುತ್ತಿದ್ದುವು. ಬಂದವರಿಗೆ ಮೊದಲು ಎದುರಾಗುತ್ತಿದ್ದುದು ಮಲೇರಿಯಾ. ಆರೈಕೆಯಿಲ್ಲದೆ, ಅನ್ನವಿಲ್ಲದೆ ಅನೇಕರು ನೆಲ ಹಿಡಿದರು. ತಾನೇ ಪದೇ ಪದೇ ಜ್ವರದಿಂದ ನರಳಿದ ಅಮಾಂಡಾ ಇದನ್ನೆಲ್ಲ ಕಣ್ಣಾರೆ ಕಂಡಳು; ಮುಂದೆ ಮುಚ್ಚಿಡದೆ ಬರೆದಳು. ಹಾಗೆ ಬರೆಯುವುದು ಸುಲಭವಾಗಿರಲಿಲ್ಲ. ತನ್ನ ಜನ ಆಳುವ ನಾಡೊಂದಿದೆ ಎಂಬ ಹೆಮ್ಮೆಯಿಂದ ಎದೆಯುಬ್ಬಿಸುತ್ತಿದ್ದವರ ಮುಂದೆ, ಅಲ್ಲಿಯ ಕೊರತೆಯನ್ನು ಹೇಳುವವರು ನಿಷ್ಠುರರಾಗಲೇಬೇಕು. ಗಂಡುಮಕ್ಕಳ ಓದಿಗೆ ಇದ್ದ ಏರ್ಪಾಡು ಹೆಣ್ಣುಮಕ್ಕಳಿಗೆ ಇಲ್ಲವೆಂಬುದನ್ನೂ ಆಕೆ ಎತ್ತಿ ಆಡಿದಳು.

ಆಕೆ ಹಿಡಿದ ಕೆಲಸ ಮುಖ್ಯವಾಗಿ ಪಾನನಿರೋಧದ್ದು. ಬೈಬಲ್ಲು ಬಂದ ಸಮುದ್ರದ ದಾರಿಯಲ್ಲೇ ರಮ್ ಪೀಪಾಯಿಗಳೂ ಆ ತೀರಕ್ಕೆ ಬಂದಿಳಿಯುತ್ತಿದ್ದುವು. ಕುಡಿತ ಮನೆ ಮುರಿಯುವುದನ್ನು ಹೆಂಗಸಾಗಿ ಬಲ್ಲ ಅಮಾಂಡಾ, ಊರೂರಿನಲ್ಲಿ ಪಾನನಿರೋಧ ಸಂಘಗಳನ್ನು ಕಟ್ಟಿದಳು. ಮಕ್ಕಳನ್ನು ಸೇರಿಸಿ ಪ್ರತಿಜ್ಞೆ ಮಾಡಿಸಿದಳು. ಬಾಬ್ ಎಂಬ ಹುಡುಗನನ್ನೂ ಫ್ರಾನ್ಸಿಸ್ ಎಂಬ ಹುಡುಗಿಯನ್ನೂ ಸಾಕಿಕೊಂಡಳು. ಯಾವ ಸಂಘದ ಸಂಬಳವೂ ಇಲ್ಲದೆ, ಸ್ನೇಹಿತರು ಕಳುಹಿಸಿದ ಕಾಣಿಕೆಯಿಂದ ಎಂಟು ವರ್ಷ ಹೀಗೆ ಕಳೆಯಿತು.

ಈ ಅವಧಿಯಲ್ಲಿ ಆಕೆಯ ಜೊತೆ ಕೆಲಸ ಮಾಡಿದ ಹಿರಿಯನೊಬ್ಬನಿಗೆ ನಮ್ಮ ಬೆಂಗಳೂರಿನ ನಂಟಿದೆ. 1884ರಲ್ಲಿ ಆಫ್ರಿಕದ ಮಿಷನರಿ ಬಿಷಪ್ಪನಾಗಿ ಆಯ್ಕೆಯಾದ ವಿಲಿಯಂ ಟೇಲರ್, ಅದಕ್ಕೆ ಹತ್ತು ವರ್ಷ ಮುಂಚೆ ದಕ್ಷಿಣ ಭಾರತವನ್ನು ಸುತ್ತಿ, ಬೆಂಗಳೂರಿನಲ್ಲಿ ಮೆಥಡಿಸ್ಟ್ ಸಭೆಗೆ ಬುನಾದಿ ಹಾಕಿದವನು. 1880ರಲ್ಲಿ ಆರಂಭವಾದ ಬಾಲ್ಡ್‌ವಿನ್ ಶಾಲೆಗಳು ಆ ಸಭೆಯ ಬಳಗದವು. ಮಿಷನ್ನು ತಾಯ್ನಾಡಿನ ಹಣವನ್ನು ಎದುರುನೋಡದೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಎಂಬುದು ಅವನ ತತ್ತ್ವ. ತತ್ತ್ವಗಳನ್ನು ಪುಸ್ತಕದಿಂದ ಕಲಿಯದ ಅಮಾಂಡಾ ಆ ರೀತಿಯಲ್ಲಿ ಮೊದಲಿನಿಂದಲೂ ಬದುಕಿಯೇ ಇದ್ದಳು.

1890ರಲ್ಲಿ ಆಕೆ ಅಮೆರಿಕಕ್ಕೆ ಮರಳಿದಳು. 1893ರಲ್ಲಿ ಥೋಬರ್ನನ ಮುನ್ನುಡಿಯೊಡನೆ ಆಕೆಯ ಆತ್ಮಕಥೆ ಹೊರಬಂತು. ಅದನ್ನು ಮಾರಿ ಬಂದ ಹಣವನ್ನೂ ಸೇರಿಸಿ, 1899ರಲ್ಲಿ ಶಿಕಾಗೋ ಬಳಿಯ ಹಾರ್ವಿಯಲ್ಲಿ ಕಪ್ಪು ಅನಾಥ ಮಕ್ಕಳಿಗಾಗಿ ಮನೆಯೊಂದನ್ನು ತೆರೆದಳು. 1915ರಲ್ಲಿ ಆಕೆ ತೀರಿಕೊಂಡಳು. ಮೂರು ವರ್ಷದ ಬಳಿಕ ಆ ಮನೆಯೂ ಬೆಂಕಿಗೆ ಆಹುತಿಯಾಯಿತು.

ಆಕೆಯನ್ನು ದೇವತೆಯಾಗಿ ಕೂರಿಸಬೇಕಾಗಿಲ್ಲ. ಆಫ್ರಿಕದ ದೈವಗಳನ್ನೂ ಆಚಾರಗಳನ್ನೂ ಆಕೆ ತನ್ನ ಕಾಲದ ಮಿಷನರಿಗಳ ಕಣ್ಣಿನಿಂದಲೇ ನೋಡಿದಳು. ಅವುಗಳಲ್ಲಿ ಕತ್ತಲೆಯನ್ನಷ್ಟೇ ಕಂಡಳು. ಪೂರ್ವಜರ ನಾಡಿಗೆ ಹೋಗಿಯೂ ಆಕೆ ಪರದೇಶಿಯೇ. ಆದರೆ ಆಕೆಯ ಹಿರಿಮೆ ಇನ್ನೊಂದರಲ್ಲಿದೆ. ತಾನು ಕಂಡದ್ದು ತನ್ನ ಆಸೆಗೆ ಹೊಂದದಿದ್ದಾಗ, ಆಸೆಯನ್ನು ಬಿಟ್ಟಳೇ ಹೊರತು ಕಂಡದ್ದನ್ನು ಬಿಡಲಿಲ್ಲ. ಹದಿನೈದು ದಿನದ ಅತಿಥಿಗೆ ಇದು ಸಾಧ್ಯವಾಗುವುದು ಕಷ್ಟ. ಅಷ್ಟು ದಿನಗಳಲ್ಲಿ ಮನಸ್ಸು ಕರಗಬಲ್ಲದು. ತಿಳಿವಳಿಕೆ ಕುದುರಲು ಒಂದೆರಡು ಮಳೆಗಾಲ ಬೇಕು, ಒಂದೆರಡು ಜ್ವರವೂ ಬೇಕು.

ಇನ್ನೂ ಒಂದು ಮಾತಿದೆ. ಲೈಬೀರಿಯದಲ್ಲಿ 1989ರಲ್ಲಿ ಹೊತ್ತಿಕೊಂಡ ಅಂತರ್ಯುದ್ಧ ನಡುವೆ ಕೆಲಕಾಲ ನಿಂತರೂ 2003ರವರೆಗೆ ದೇಶವನ್ನು ಸುಟ್ಟಿತು. ಕೊನೆಯ ವರ್ಷ ಅದೇ ಮನ್ರೋವಿಯದ ಚರ್ಚುಗಳ ಹೆಂಗಸರು ಲೀಮಾ ಬೋವಿ ಎಂಬಾಕೆಯ ಮುಂದಾಳುತನದಲ್ಲಿ ಬಿಳಿಯ ಬಟ್ಟೆಯುಟ್ಟು, ಮುಸ್ಲಿಂ ಹೆಂಗಸರನ್ನೂ ಜೊತೆಗೂಡಿಸಿಕೊಂಡು, ಮೀನುಪೇಟೆಯ ಬಯಲಿನಲ್ಲಿ ಬಿಸಿಲು ಮಳೆಗಳೆನ್ನದೆ ದಿನವೂ ಕೂತರು. ಶಾಂತಿ ಬೇಕು ಎಂಬುದೊಂದೇ ಅವರ ಬೇಡಿಕೆ. ಮಾತುಕತೆ ನಡೆಯುತ್ತಿದ್ದ ಘಾನಾ ದೇಶದ ಅಕ್ರಾಕ್ಕೂ ಹೋಗಿ ಬಾಗಿಲಲ್ಲಿ ಕೂತರು. ಆ ಆಗಸ್ಟಿನಲ್ಲಿ ಒಪ್ಪಂದವಾಯಿತು. 2011ರಲ್ಲಿ ಲೀಮಾಳಿಗೂ, ಆಫ್ರಿಕದ ಮೊದಲ ಚುನಾಯಿತ ಮಹಿಳಾ ಅಧ್ಯಕ್ಷೆ ಎಲೆನ್ ಜಾನ್ಸನ್ ಸರ್ಲೀಫಳಿಗೂ ಯೆಮೆನ್ನಿನ ಮತ್ತೊಬ್ಬ ಮಹಿಳೆಯೊಡನೆ ನೊಬೆಲ್ ಶಾಂತಿ ಪಾರಿತೋಷಕ ಸಂದಿತು.

ಈ ಹೆಂಗಸರು ಎಲ್ಲಿಂದಲೂ ಬಂದವರಲ್ಲ. ಎಲ್ಲಿಗೂ ಹಿಂತಿರುಗಬೇಕಾದವರೂ ಅಲ್ಲ. ಅಮಾಂಡಾ ಎಂಟು ವರ್ಷ ನಿಂತು ಕಲಿತದ್ದನ್ನು ಇವರು ಹುಟ್ಟಿನಿಂದಲೇ ಬಲ್ಲರು. ಇಂದು ಸೇವೆಗೆಂದು ವಿಮಾನ ಹತ್ತುವ ಸೋದರಿಯರು ಇದನ್ನು ನೆನೆದು ಹೋಗುವುದಾದರೆ, ಹದಿನೈದು ದಿನವೂ ವ್ಯರ್ಥವಲ್ಲ. ಬಣ್ಣದ ಡಬ್ಬಿಯನ್ನು ಬದಿಗಿಟ್ಟು, ಮೀನುಪೇಟೆಯ ಆ ಬಯಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬಳ ಬಳಿ ಕೂತು ಕೇಳುವುದಕ್ಕೆ ಅಷ್ಟು ದಿನ ಸಾಲಬಹುದು.