ಏಳೋ ಒಂಬತ್ತೋ? ಅಂಬರನಾಥದ ಒಂದು ಅಂಕಿ, ನನ್ನ ಚೀಲದ ಒಂದು ಫ್ಲ್ಯಾಶ್

ಈ ವಾರದ ಮಾತು ಒಂದೇ ಒಂದು ಅಂಕಿಯ ಬಗ್ಗೆ. ಅದರ ಜೊತೆಗೆ, ನಾನು ಹೊಸದಾಗಿ ಕೊಂಡ ಬ್ಯಾಟರಿ ಫ್ಲ್ಯಾಶ್ ಬಗ್ಗೆ. ಎರಡಕ್ಕೂ ಏನು ಸಂಬಂಧ ಅಂತೀರಾ? ಸ್ವಲ್ಪ ತಾಳಿ, ಹೇಳ್ತೀನಿ.

ಐರೋಲಿ, ಮಹಾಪೆ, ಠಾಣೆ ಕಡೆ ಕೆಲಸ ಮಾಡುವ ನಮ್ಮವರು ತುಂಬಾ ಜನ ಡೊಂಬಿವಲಿ, ಕಲ್ಯಾಣದಲ್ಲಿ ಮನೆ ಮಾಡಿದ್ದೀರಿ. ಕಲ್ಯಾಣ ದಾಟಿ ಕರ್ಜತ್ ಲೈನಿನಲ್ಲಿ ವಿಠ್ಠಲವಾಡಿ, ಉಲ್ಹಾಸನಗರ ಆದ ಮೇಲೆ ಅಂಬರನಾಥ ಬರುತ್ತೆ. ಸ್ಟೇಷನ್ನಿನ ಪೂರ್ವಕ್ಕೆ, ವಾಲಧುನಿ ನದಿಯ ದಡದಲ್ಲಿ, ಕಪ್ಪು ಕಲ್ಲಿನ ಹಳೇ ಶಿವಾಲಯ ಇದೆ. ಪಶ್ಚಿಮಕ್ಕೆ ಮುಖ, ಮೂರು ಬಾಗಿಲು. ಮಂಟಪದಿಂದ ಮೆಟ್ಟಿಲು ಇಳಿದು ಗರ್ಭಗುಡಿಗೆ ಹೋಗಬೇಕು. ಹೊರಗೋಡೆಯಲ್ಲಿ ಕೆತ್ತನೆ ಇಲ್ಲದ ಜಾಗ ಹುಡುಕಬೇಕು, ಅಷ್ಟು ಕೆಲಸ.

1868ರಲ್ಲಿ ಬಾಂಬೆ ಸ್ಕೂಲ್ ಆಫ್ ಆರ್ಟ್‌ನ ತಂಡವೊಂದು ಇಲ್ಲಿಗೆ ಬಂತು. ಚಿತ್ರ ಬರೆದರು, ಕೆತ್ತನೆಗಳ ಅಚ್ಚು ತೆಗೆದರು, ಫೋಟೋ ಹಿಡಿದರು. ಆ ಕಾಲದ ಫೋಟೋ ಅಂದ್ರೆ ಗಾಜಿನ ತಟ್ಟೆಗೆ ಸ್ಥಳದಲ್ಲೇ ರಾಸಾಯನಿಕ ಬಳಿದು, ಅದು ಒಣಗುವ ಮೊದಲೇ ಚಿತ್ರ ತೆಗೆದು, ಪಕ್ಕದ ಕತ್ತಲೆ ಡೇರೆಯಲ್ಲಿ ತೊಳೆಯಬೇಕು. ದೀಪ ಯಾವುದು? ಸೂರ್ಯ.

ಈ ಗುಡಿಯ ಉತ್ತರ ಬಾಗಿಲ ಮೇಲಿನ ಕಲ್ಲುತೊಲೆಯಲ್ಲಿ ಒಂದು ಶಾಸನ ಇದೆ. ಭಾಷೆ ಸಂಸ್ಕೃತ, ಸವೆದ ಅಕ್ಷರ. ಬೈಕುಲಾದ ಮ್ಯೂಸಿಯಂಗೆ ಯಾರ ಹೆಸರಿದೆಯೋ, ಆ ಡಾ. ಭಾವು ದಾಜಿ ಇದನ್ನು ಮೊದಲು ಓದಿದಾಗ ಇಸವಿ ಶಕ 782 ಅಂತ ಕಂಡಿತು. ಅಂದ್ರೆ ಕ್ರಿ.ಶ. 860. ಅವರ ಬಳಿಯೇ ಕೆಲಸ ಮಾಡಿದ್ದ ಭಗವಾನ್‌ಲಾಲ್ ಇಂದ್ರಜಿ ಮತ್ತೆ ಓದಿದರು. ಅದು 782 ಅಲ್ಲ, 982. ಅಂದ್ರೆ 1060. ಒಂದು ಅಂಕಿ, ಇನ್ನೂರು ವರ್ಷ!

ನಮಗೆ, ಅಂದ್ರೆ ಕನ್ನಡದವರಿಗೆ, ಇದರಲ್ಲಿ ಒಂದು ಪೇಚಿದೆ. 860 ಅಂದ್ರೆ ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ ಕಾಲ, ಕವಿರಾಜಮಾರ್ಗದ ಕಾಲ. ಬೋರಿವಲಿಯ ಕಾನ್ಹೇರಿ ಗುಹೆಯ ಶಾಸನಗಳಲ್ಲಿ ಅವನ ಹೆಸರಿದೆ. ಕೊಂಕಣದ ಶಿಲಾಹಾರರು ಆಗ ಅವನ ಸಾಮಂತರು. ಅಂಬರನಾಥದ ಗುಡಿಯೂ ನೃಪತುಂಗನ ಕಾಲದ್ದು ಅಂತ ಹೇಳೋಕೆ ನನಗೂ ಆಸೆಯೇ. ವಾಟ್ಸ್ಯಾಪ್ ಗ್ರೂಪಿನಲ್ಲಿ ಎಷ್ಟು ಚೆನ್ನಾಗಿ ಓಡುತ್ತೆ ಅಲ್ವಾ?

ಆದರೆ ಶಾಸನದಲ್ಲಿ ರಾಜನ ಹೆಸರೂ ಇದೆ: ಮಾಮ್ವಾಣಿ, ಅಂದ್ರೆ ಶಿಲಾಹಾರ ದೊರೆ ಮುಮ್ಮುಣಿ. ಅವನ ಅಣ್ಣ ಛಿತ್ತರಾಜ. ಆ ಅಣ್ಣನ ತಾಮ್ರಶಾಸನ ನಮ್ಮ ಭಾಂಡುಪ್‌ನಲ್ಲೇ ಸಿಕ್ಕಿದೆ, ಅದರ ಇಸವಿ ಶಕ 948. ಅಣ್ಣ 948ರಲ್ಲಿದ್ದು ತಮ್ಮ 782ರಲ್ಲಿ ಗುಡಿ ಕಟ್ಟಿಸೋಕಾಗುತ್ತಾ? ನಾವು ಆಫೀಸಲ್ಲಿ ಒಂದು ಲಾಗ್ ಫೈಲನ್ನು ಇನ್ನೊಂದರ ಜೊತೆ ತಾಳೆ ನೋಡ್ತೀವಲ್ಲ, ಹಾಗೇ ಇದು. 982 ಸರಿ. ಆಗ ಬೀದರ್ ಕಡೆಯ ಆ ಕಲ್ಯಾಣದಲ್ಲಿ ಚಾಲುಕ್ಯ ಆಹವಮಲ್ಲ ಸೋಮೇಶ್ವರ ಆಳುತ್ತಿದ್ದ.

ಇನ್ನು ಫ್ಲ್ಯಾಶ್ ವಿಷಯಕ್ಕೆ ಬರೋಣ. ಸವೆದ ಅಕ್ಷರ ಓದುವುದು ಅಂದ್ರೆ ಬೆಳಕಿನ ಕೆಲಸ. ಅಕ್ಷರ ಅನ್ನೋದು ಕಲ್ಲಿನಲ್ಲಿ ಒಂದು ಹಳ್ಳ. ಹಳ್ಳ ಕಾಣಬೇಕಾದರೆ ಅದರಲ್ಲಿ ನೆರಳು ಬೀಳಬೇಕು. ಬೆಳಕು ಎದುರಿಂದ ಬಂದರೆ ನೆರಳೇ ಇಲ್ಲ. ಅದಕ್ಕೇ ಶಾಸನ ಓದುವವರು ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಬ್ರಶ್ಶಿನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಿದ್ದರು, ಈಗಲೂ ತೆಗೆಯುತ್ತಾರೆ. ಅಲ್ಲಿ ಬೆಳಕಿನ ಹಂಗೇ ಇಲ್ಲ.

ಹೊತ್ತು ಒಯ್ಯುವ ಬೆಳಕಿನ ಕಥೆ ಶುರುವಾಗಿದ್ದು ಮೆಗ್ನೀಸಿಯಂ ತಂತಿಯಿಂದ. 1864ರಲ್ಲಿ ಮ್ಯಾಂಚೆಸ್ಟರಿನ ಆಲ್ಫ್ರೆಡ್ ಬ್ರದರ್ಸ್ ಅದನ್ನು ಉರಿಸಿ ಫೋಟೋ ತೆಗೆದರು. ಮರುವರ್ಷವೇ ಪಿಯಾಜ್ಜಿ ಸ್ಮಿತ್ ಎಂಬ ಖಗೋಳಜ್ಞ ಅದೇ ಬೆಳಕು ಹಿಡಿದು ಈಜಿಪ್ಟಿನ ಮಹಾ ಪಿರಮಿಡ್ಡಿನ ಒಳಗೆ ಹೋದರು. 1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಫ್ಲ್ಯಾಶ್ ಪುಡಿ ತಂದರು. ಮೆಗ್ನೀಸಿಯಂ, ಪೊಟ್ಯಾಸಿಯಂ ಕ್ಲೋರೇಟ್, ಆಂಟಿಮನಿ ಸಲ್ಫೈಡ್. ಭುಸ್ ಅಂತ ಹೊತ್ತಿ ಕೋಣೆ ತುಂಬಾ ಹೊಗೆ. ಕೈ ಮುಖ ಸುಟ್ಟುಕೊಂಡವರು ಎಷ್ಟೋ ಜನ.

ಪೊಟ್ಯಾಸಿಯಂ ಕ್ಲೋರೇಟ್ ಅಂದೆನಲ್ಲ, ಬೆಂಕಿಕಡ್ಡಿಯ ತುದಿಯಲ್ಲಿರುವುದೂ ಅದೇ. ಅಂಬರನಾಥ ಅಂದ್ರೆ ಹಳಬರಿಗೆ ನೆನಪಾಗೋದು ವಿಮ್ಕೋ ಬೆಂಕಿಪೆಟ್ಟಿಗೆ ಕಾರ್ಖಾನೆ. 1920ರ ದಶಕದಲ್ಲಿ ಸ್ವೀಡನ್ ಕಂಪನಿ ಇಲ್ಲಿ ಶುರುಮಾಡಿದ್ದು. ಜೇಬಿನಲ್ಲಿ ಒಯ್ಯುವ ಬೆಂಕಿಯನ್ನು ಊರೂರಿಗೆ ಕಳಿಸಿದ ಊರಿದು.

ಆಮೇಲೆ 1929-30ರಲ್ಲಿ ಫ್ಲ್ಯಾಶ್ ಬಲ್ಬ್ ಬಂತು. ಹೊಗೆ ಹೋಯ್ತು, ಆದರೆ ಒಂದು ಫೋಟೋಗೆ ಒಂದು ಬಲ್ಬ್. ಮುಂಬೈಯಲ್ಲಿ ವೃತ್ತಿ ಶುರುಮಾಡಿದ ಹೋಮಾಯಿ ವ್ಯಾರಾವಾಲಾ, ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ, ದುಡಿದದ್ದು ಆ ಬಲ್ಬುಗಳ ಕಾಲದಲ್ಲಿ. ಅಷ್ಟರಲ್ಲಿ 1931ರ ಹೊತ್ತಿಗೆ ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಗರ್ಟನ್ ಅನಿಲ ತುಂಬಿದ ಗಾಜಿನ ನಳಿಕೆಯಿಂದ ಮತ್ತೆ ಮತ್ತೆ ಮಿಂಚು ಹುಟ್ಟಿಸುತ್ತಿದ್ದರು. ಇವತ್ತು ನಮ್ಮ ಚೀಲದಲ್ಲಿರೋ ಫ್ಲ್ಯಾಶ್ ಅದರ ಮೊಮ್ಮಗು.

ಅದು ಕೆಲಸ ಮಾಡುವ ರೀತಿ ನಮ್ಮ ಡೊಂಬಿವಲಿಯ ನೀರಿನ ಥರ. ನಲ್ಲಿಯಲ್ಲಿ ಸಣ್ಣಗೆ ಬರುವ ನೀರನ್ನು ಕೊಡ ತುಂಬಿಸಿ, ಒಂದೇ ಸಲ ಸುರಿದ ಹಾಗೆ. ಬ್ಯಾಟರಿ ಆ ನಲ್ಲಿ, ಕೆಪಾಸಿಟರ್ ಆ ಕೊಡ. ತುಂಬೋಕೆ ಒಂದೆರಡು ಸೆಕೆಂಡ್, ಸುರಿಯೋಕೆ ಸೆಕೆಂಡಿನ ಸಾವಿರದಲ್ಲೊಂದು ಭಾಗವೂ ಸಾಕು.

ನಾನು ಅದನ್ನು ಮೊದಲು ಪರೀಕ್ಷೆ ಮಾಡಿದ್ದು ಮನೆಯಲ್ಲೇ, ನಮ್ಮ ಆಯಿಯ ಹಿತ್ತಾಳೆ ಕೊಡದ ಮೇಲೆ. ಧಾರವಾಡದ ತವರುಮನೆಯವರು ಮದುವೆಯಲ್ಲಿ ಕೊಟ್ಟದ್ದು. ಕುತ್ತಿಗೆಯ ಕೆಳಗೆ ಚುಕ್ಕೆ ಚುಕ್ಕೆಯಾಗಿ ಕೊರೆದ ಆಯಿಯ ಹೆಸರು, ಪಕ್ಕದಲ್ಲಿ ಇಸವಿ. ಹುಣಸೆಹಣ್ಣಿನಿಂದ ಉಜ್ಜಿ ಉಜ್ಜಿ ಕೊನೆಯ ಅಂಕಿ ಅಳಿಸಿದಂತಾಗಿತ್ತು. ಅಪ್ಪ ಯಾವಾಗಲೂ 1956ರ ವೈಶಾಖ ಅನ್ನೋರು. ಅದರ ಹಿಂದೆ ಒಂದು ಹೆಮ್ಮೆ ಇತ್ತು: 1956ರ ನವೆಂಬರ್ 1ರವರೆಗೆ ಧಾರವಾಡವೂ ಮುಂಬೈ ರಾಜ್ಯದಲ್ಲೇ ಇತ್ತು. ಹಾಗಾಗಿ ಆಯಿ, ಅಜ್ಜ ಅಂಬರನಾಥಕ್ಕೆ ಕೆಲಸಕ್ಕೆ ಬಂದದ್ದು ತಮ್ಮ ರಾಜ್ಯದೊಳಗೇ. "ನಾವು ಹೊರಗಿನವರಲ್ಲೋ" ಅಂತ ಅಪ್ಪ ಹೇಳುತ್ತಲೇ ಬಂದಿದ್ದರು.

ಮೊದಲು ಫ್ಲ್ಯಾಶನ್ನು ಕ್ಯಾಮೆರಾ ತಲೆಯ ಮೇಲೇ ಇಟ್ಟು ಹೊಡೆದೆ. ಬಿಳೀ ಹೊಳಪು, ಅಂಕಿಯೂ ಇಲ್ಲ, ಹೆಸರೂ ಇಲ್ಲ. ಪವರ್ ಹೆಚ್ಚಿಸಿದೆ, ಇನ್ನೂ ಕೆಟ್ಟಿತು. ಆಮೇಲೆ ಕ್ಯಾಮೆರಾ ಅಲ್ಲೇ ಬಿಟ್ಟು, ವೈರ್‌ಲೆಸ್ ಟ್ರಿಗರ್ ಹಾಕಿ, ಫ್ಲ್ಯಾಶನ್ನು ಕೊಡದ ಪಕ್ಕಕ್ಕೆ ಒಯ್ದೆ. ಐಎಸ್ಒ 100, ಎಫ್ 8, ಶಟರ್ 1/160. ಇದರಲ್ಲಿ ಮನೆಯ ಟ್ಯೂಬ್‌ಲೈಟ್ ಫೋಟೋಗೆ ಬರೋದೇ ಇಲ್ಲ. ಫ್ಲ್ಯಾಶ್ ಪವರ್ ಹದಿನಾರರಲ್ಲಿ ಒಂದು ಪಾಲು, ದೂರ ಹೆಚ್ಚುಕಡಿಮೆ ಎರಡು ಮೀಟರ್. ಈ ದೂರ ಮುಖ್ಯ: ಎರಡರಷ್ಟು ದೂರ ಹೋದರೆ ಬೆಳಕು ಅರ್ಧ ಅಲ್ಲ, ಕಾಲು ಭಾಗಕ್ಕೆ ಇಳಿಯುತ್ತೆ. ಬೆಳಕು ಲೋಹದ ಮೈಯನ್ನು ಸವರಿಕೊಂಡು ಹೋಗುವಷ್ಟು ಓರೆ ಮಾಡಿ ಹೊಡೆದೆ. ಒಂದೊಂದು ಚುಕ್ಕೆಗೂ ನೆರಳು ಬಂತು. ಕನ್ನಡದ ಆರು, ಒಂಬತ್ತು ಎಷ್ಟು ಹತ್ತಿರದ ಅಂಕಿಗಳು ಅಂತ ನಿಮಗೆ ಗೊತ್ತಲ್ಲ. ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರೆ ೧೯೫೯.

ಅಪ್ಪನಿಗೆ ತೋರಿಸೋಕೆ ಎರಡು ದಿನ ತಡಮಾಡಿದೆ. ಕನ್ನಡಕ ಹಾಕಿ ನೋಡಿದರು. "ಎಡಗಡೆಯಿಂದ ಬೆಳಕು ಬಿಟ್ಟು ಇನ್ನೊಂದು ತಗಿ" ಅಂದರು. ತೆಗೆದೆ. ಅದೂ ಒಂಬತ್ತೇ. ಸುಮ್ಮನೆ ಕೂತರು. ಆಮೇಲೆ, "ಅಂದ್ರ ಅವ್ವ ಬರೂ ಹೊತ್ತಿಗೆ ರಾಜ್ಯ ಬ್ಯಾರೆ ಆಗಿತ್ತು. ಆದರೂ ಬಂದಳು ನೋಡು" ಅಂದರು. ಅಷ್ಟೇ ಮಾತು.

ಮೇ ತಿಂಗಳ ಒಂದು ಶನಿವಾರ ಫ್ಲ್ಯಾಶ್ ಚೀಲಕ್ಕೆ ಹಾಕಿಕೊಂಡು ಅಂಬರನಾಥಕ್ಕೆ ಹೋದೆ. ಗುಡಿ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ದಿನಾ ಪೂಜೆಯೂ ನಡೆಯುತ್ತೆ. ಇಂಥ ಸ್ಮಾರಕಗಳಲ್ಲಿ ಟ್ರೈಪಾಡ್, ಕೃತಕ ಬೆಳಕು ಬಳಸೋಕೆ ಮೊದಲೇ ಅನುಮತಿ ಬೇಕು, ಅದನ್ನು ನಾನು ತೆಗೆದುಕೊಂಡಿರಲಿಲ್ಲ. ತಪ್ಪು ನನ್ನದೇ. ಫ್ಲ್ಯಾಶ್ ಚೀಲದಲ್ಲೇ ಉಳಿಯಿತು.

ಸಂಜೆವರೆಗೂ ಅಲ್ಲೇ ಕೂತೆ. ಮೇ ತಿಂಗಳಲ್ಲಿ ಸೂರ್ಯ ನೇರ ಪಶ್ಚಿಮಕ್ಕೆ ಮುಳುಗಲ್ಲ, ಸ್ವಲ್ಪ ಉತ್ತರಕ್ಕೆ ಸರಿದಿರುತ್ತಾನೆ. ಚಳಿಗಾಲದಲ್ಲಿ ಬಿಸಿಲೇ ಕಾಣದ ಉತ್ತರದ ಗೋಡೆಗೆ ಆಗ ಓರೆ ಬಿಸಿಲು ಬೀಳುತ್ತೆ. ಮಧ್ಯಾಹ್ನ ಬರೀ ಕಪ್ಪಾಗಿ ಕಂಡಿದ್ದ ಕಲ್ಲಿನಲ್ಲಿ ಬೆರಳು, ಬಳೆ, ಸೊಂಟದ ಪಟ್ಟಿ ಒಂದೊಂದಾಗಿ ಎದ್ದು ಬಂದವು. ನಾನು ಕೊಡದ ಪಕ್ಕದಲ್ಲಿ ಮಾಡಿದ್ದನ್ನೇ ಸೂರ್ಯ ಇಲ್ಲಿ ವರ್ಷ ವರ್ಷ ಮಾಡುತ್ತಿದ್ದಾನೆ. ಬ್ಯಾಟರಿ ಫ್ಲ್ಯಾಶ್ ನಮಗೆ ಕೊಡೋದು ಹೆಚ್ಚು ಬೆಳಕನ್ನಲ್ಲ. ಬೆಳಕನ್ನು ನಮಗೆ ಬೇಕಾದ ಪಕ್ಕದಲ್ಲಿ, ಬೇಕಾದ ಹೊತ್ತಿಗೆ ಇಡುವ ಅವಕಾಶವನ್ನು.

ಮೈಸೂರಿನಿಂದ ಮುಂಬೈಗೆ ಬಂದ ವಿ. ಕೆ. ಮೂರ್ತಿಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಗುರುದತ್ತರ 1959ರ ಕಾಗಜ್ ಕೆ ಫೂಲ್ ಚಿತ್ರದ ಆ ಪ್ರಸಿದ್ಧ ಬೆಳಕಿನ ಕೋಲಿಗೆ ಅವರು ದೊಡ್ಡ ಲೈಟು ಹುಡುಕಲಿಲ್ಲ. ಹೊರಗಿನ ಬಿಸಿಲನ್ನೇ ದೊಡ್ಡ ಕನ್ನಡಿಗಳಿಂದ ಸ್ಟುಡಿಯೋ ಒಳಗೆ ತಿರುಗಿಸಿದರು.

ನಮ್ಮ ಕಸುಬಿನವರಿಗೂ ಇಲ್ಲಿ ಕೆಲಸ ಇದೆ. 2001ರಲ್ಲಿ ಎಚ್‌ಪಿ ಲ್ಯಾಬ್ಸ್‌ನ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ಒಂದು ವಿಧಾನ ಪ್ರಕಟಿಸಿದರು: ಕ್ಯಾಮೆರಾ ಅಲುಗಿಸದೆ, ಬೆಳಕನ್ನು ಮಾತ್ರ ಸುತ್ತ ಸರಿಸುತ್ತಾ ಹತ್ತಾರು ಚಿತ್ರ ತೆಗೆದರೆ, ಆಮೇಲೆ ಕಂಪ್ಯೂಟರಿನಲ್ಲಿ ಯಾವ ದಿಕ್ಕಿನ ಬೆಳಕಲ್ಲಿ ಬೇಕಾದರೂ ಕಲ್ಲನ್ನು ನೋಡಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿ ಈಗ ನಗರದ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿಸುತ್ತಿದೆ.

ಕೊನೆಗೆ ಒಂದು ಪದ ಹೇಳಿ ಮುಗಿಸ್ತೀನಿ. ಕೊಂಕಣದ ಈ ಶಿಲಾಹಾರರ ತಾಮ್ರಶಾಸನಗಳು ಸಂಸ್ಕೃತದಲ್ಲಿದ್ದರೂ, ನಡುನಡುವೆ ಅವರ ಬಿರುದುಗಳು ಕನ್ನಡದಲ್ಲಿವೆ. ಗಂಡರಗಂಡ, ಮಲಗಲಗಂಡ, ನನ್ನಿಸಮುದ್ರ. ನನ್ನಿ ಅಂದ್ರೆ ಹಳಗನ್ನಡದಲ್ಲಿ ಸತ್ಯ. ಈ ನೆಲದಲ್ಲಿ ನಮ್ಮ ನುಡಿಯ ಗುರುತಿಗೆ 782 ಬೇಕಾಗಿಲ್ಲ, 982ರ ರಾಜನ ಮನೆತನದಲ್ಲೇ ಅದು ಇದೆ. ಆಯಿಯ ಕೊಡಕ್ಕೂ ೧೯೫೬ ಬೇಕಾಗಿಲ್ಲ.

ನಿಮ್ಮ ಮನೆಯ ಹಳೇ ಪಾತ್ರೆಯ ಮೇಲೂ ಹೆಸರು, ಇಸವಿ ಇದ್ದೇ ಇರುತ್ತೆ. ಇವತ್ತು ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿ. ಏನು ಕಂಡಿತು ಅಂತ ಬರೆಯಿರಿ. ಮುಂದಿನ ವಾರ ಸಿಗೋಣ, ನಮಸ್ಕಾರ.