ಕುವೈತಿನ ತೈಲಾಗ್ನಿ ಮತ್ತು ಸೈನ್ಯದ ಉಪಾಯಗಳು

ಮುಂಬಯಿ, ಠಾಣೆ, ಬದಲಾಪುರಗಳಲ್ಲಿ ನೆಲೆನಿಂತ ಕರಾವಳಿಯ ಕುಟುಂಬಗಳಿಗೆ ಕುವೈತು ಅಪರಿಚಿತ ನಾಡಲ್ಲ. 1990ರ ಆಗಸ್ಟ್ 2ರಂದು ಇರಾಕು ಅದನ್ನು ಆಕ್ರಮಿಸಿದ ತರುವಾಯ ಒಂದು ಲಕ್ಷಕ್ಕೂ ಮಿಕ್ಕ ಭಾರತೀಯರು ಅಮ್ಮಾನಿನ ಮಾರ್ಗವಾಗಿ ವಿಮಾನದಲ್ಲಿ ಸ್ವದೇಶ ಸೇರಿದರು. ಅವರಲ್ಲಿ ಬಹುಮಂದಿ ಇಳಿದದ್ದು ಮುಂಬಯಿಯಲ್ಲಿಯೇ. ಅವರು ಬಿಟ್ಟುಬಂದ ನಾಡಿನ ಮೇಲೆ ಮರುವರ್ಷ ಕವಿದ ಹೊಗೆಯನ್ನು ಸೈನ್ಯಬಲದಿಂದ ಅಡಗಿಸುವುದು ಸಾಧ್ಯವಿತ್ತೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಸೋತು ಹಿಂದಿರುಗುವ ಇರಾಕಿ ಪಡೆಗಳು ಬಾವಿಗಳ ಬಾಯಿಗೆ ಸಿಡಿಮದ್ದು ಕಟ್ಟಿ 600ಕ್ಕೂ ಹೆಚ್ಚು ಬಾವಿಗಳಿಗೆ ಬೆಂಕಿಯಿಟ್ಟವು. ಬುರ್ಗಾನ್ ಕ್ಷೇತ್ರದ ತೈಲ ಭೂಗರ್ಭದ ಒತ್ತಡದಿಂದಲೇ ಚಿಮ್ಮುವಂಥದು. ತಡೆಯಬೇಕಾದ ಕವಾಟವೇ ಒಡೆದುಹೋಗಿತ್ತು. ನಡುಹಗಲಿನಲ್ಲಿ ದೀಪ ಹಚ್ಚುವಂತಾಯಿತು. ಹೊಗೆಯನ್ನು ನೇರವಾಗಿ ಅಡಗಿಸುವ ಅಸ್ತ್ರ ಯಾವ ಸೈನ್ಯದ ಬಳಿಯೂ ಇರಲಿಲ್ಲ. ಹೊಗೆ ನಿಲ್ಲಬೇಕಾದರೆ ತೈಲದ ಹರಿವು ನಿಲ್ಲಬೇಕು.

ಬಾಂಬಿನಿಂದ ಹರಿವನ್ನು ನಿಲ್ಲಿಸಿದ ನಿದರ್ಶನ ಅದೇ ಯುದ್ಧದಲ್ಲಿ ಉಂಟು. ಸಮುದ್ರಕ್ಕೆ ಬಿಟ್ಟಿದ್ದ ತೈಲವನ್ನು ತಡೆಯಲು ಅಮೆರಿಕದ ವಿಮಾನಗಳು 1991ರ ಜನವರಿಯ ಕೊನೆಯಲ್ಲಿ ಅಲ್ ಅಹ್ಮದಿಯ ಕೊಳವೆಜಾಲದ ನಿಯಂತ್ರಣಸ್ಥಾನಗಳನ್ನು ಕೆಡವಿದವು. ಹರಿವು ಬಹುಮಟ್ಟಿಗೆ ನಿಂತಿತು. ಆದರೆ ಅಲ್ಲಿ ಇಡೀ ಕೊಳವೆಜಾಲಕ್ಕೆ ಒಂದೆರಡೇ ಕೀಲಿಗಳಿದ್ದವು. ಬಾವಿಗಳ ವಿಷಯ ಹಾಗಲ್ಲ. ಪ್ರತಿಯೊಂದರ ಬಾಯಿಯೂ ಬೇರೆ. ಸೋವಿಯತ್ ಒಕ್ಕೂಟ 1966ರಲ್ಲಿ ಉಜ್ಬೇಕಿಸ್ತಾನದ ಉರ್ತಾಬುಲಾಕಿನಲ್ಲಿ ಸುಮಾರು ಮೂರು ವರ್ಷ ಉರಿದ ಅನಿಲಬಾವಿಯನ್ನು 1,500 ಮೀಟರ್ ಆಳದ ಪರಮಾಣು ಸ್ಫೋಟದಿಂದ ಹಿಸುಕಿ ಮುಚ್ಚಿದ್ದು ನಿಜ. ಅದಕ್ಕಾಗಿ ಓರೆಯಾಗಿ ಬೇರೊಂದು ರಂಧ್ರ ಕೊರೆಯಬೇಕಾಯಿತು. ಆರುನೂರು ಬಾವಿಗಳಿಗೆ ಆ ಚಿಕಿತ್ಸೆ ರೋಗಕ್ಕಿಂತ ಘೋರ. ಸಾಧಾರಣ ಸಿಡಿಮದ್ದು ಜ್ವಾಲೆಯನ್ನು ಆರಿಸಬಲ್ಲುದು, ಹರಿವನ್ನಲ್ಲ. ಉರಿಯದೆ ಹರಿಯುವ ಬಾವಿ ಸುತ್ತಲೂ ತೈಲಸರೋವರ ಕಟ್ಟಿ, ಒಂದು ಕಿಡಿಗಾಗಿ ಕಾದಿರುತ್ತದೆ.

ಕೊನೆಗೆ ಕೆಲಸ ಮಾಡಿದ್ದು ನೀರು. ತೈಲವನ್ನು ಸಮುದ್ರದತ್ತ ಒಯ್ಯುತ್ತಿದ್ದ ಕೊಳವೆಗಳಲ್ಲಿಯೇ ಸಮುದ್ರದ ನೀರನ್ನು ಹಿಂದಕ್ಕೆ ಹರಿಸಿ, ಬಾವಿಗಳ ಬಳಿ ಹೊಂಡಗಳನ್ನು ತುಂಬಿಸಿದರು. ಹಂಗೆರಿಯವರು ಹಳೆಯ ಟ್ಯಾಂಕಿನ ಮೇಲೆ ಮಿಗ್ ವಿಮಾನದ ಎಂಜಿನುಗಳನ್ನು ಕೂರಿಸಿ ನೀರನ್ನು ಬಿರುಗಾಳಿಯಂತೆ ಊದಿದರು. ಯುದ್ಧದ ಯಂತ್ರಗಳಿಗೆ ಇಷ್ಟು ಸಾರ್ಥಕವಾದ ಉದ್ಯೋಗ ಅಪರೂಪವೆನ್ನಬೇಕು! ಸೈನಿಕರ ಪಾಲಿಗೆ ಬಂದ ಮುಖ್ಯ ಕಾರ್ಯವೆಂದರೆ ನೆಲಬಾಂಬುಗಳನ್ನು ತೆಗೆಯುವುದು. ಅದಾಗದೆ ಬಾವಿಯ ಸಮೀಪಕ್ಕೆ ಹೋಗುವಂತೆಯೇ ಇರಲಿಲ್ಲ. ವರ್ಷಗಳೇ ಬೇಕೆಂದು ಅಂದಾಜಿಸಿದ್ದ ಕಾರ್ಯ 1991ರ ನವೆಂಬರ್ 6ರಂದು ಮುಗಿಯಿತು.

ಈ ಹೊಗೆ ಮೇಲ್ವಾಯುಮಂಡಲಕ್ಕೇರಿ ದಕ್ಷಿಣ ಏಷ್ಯಾದ ಬೇಸಾಯವನ್ನು ಕೆಡಿಸೀತೆಂದು ಕಾರ್ಲ್ ಸೇಗನ್ ಮೊದಲಾದ ವಿಜ್ಞಾನಿಗಳು ಶಂಕಿಸಿದ್ದರು. ಮುಂಗಾರನ್ನೇ ನಂಬಿದ ನಾಡಿಗೆ ಅದು ಸಣ್ಣ ಭಯವಲ್ಲ. ಹೊಗೆ ಅಷ್ಟು ಎತ್ತರಕ್ಕೆ ಏರದೆ ಮಳೆಗೆ ತೊಳೆದುಹೋಯಿತು. ಅದರ ಬಾಧೆ ಬಹುಮಟ್ಟಿಗೆ ಕೊಲ್ಲಿಯ ಸುತ್ತಣ ಪ್ರದೇಶಕ್ಕೇ ಸೀಮಿತವಾಯಿತು.

ಸೈನ್ಯಕ್ಕೆ ನಿಜವಾಗಿ ಸಾಧ್ಯವಾದ ಉಪಾಯ 2003ರ ಮಾರ್ಚಿನಲ್ಲಿ ಕಂಡುಬಂದಿತು. ಬ್ರಿಟಿಷ್ ಮತ್ತು ಅಮೆರಿಕನ್ ಪಡೆಗಳು ಯುದ್ಧದ ಮೊದಲ ದಿನಗಳಲ್ಲಿಯೇ ಇರಾಕಿನ ರುಮೈಲಾ ಕ್ಷೇತ್ರವನ್ನು ವಶಪಡಿಸಿಕೊಂಡುದರಿಂದ ಬೆರಳೆಣಿಕೆಯಷ್ಟು ಬಾವಿಗಳು ಮಾತ್ರ ಉರಿದವು. ಅವನ್ನು ಆರಿಸಲು ನೆರವಾದವರಲ್ಲಿ ಕುವೈತಿನ ಅಗ್ನಿಶಾಮಕರೂ ಇದ್ದರು.